ಆಕಾಶಕ್ಕೂ ಒಮ್ಮೆ ಸದ್ದಿತ್ತು

ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿ ತಲುಪುವಷ್ಟರಲ್ಲಿ ನನ್ನ ಮೊಣಕಾಲು ಸೋತಿದ್ದವು. ಅಕ್ಕನ ಮಗಳು ಆಗಲೇ ಓಡಿಹೋಗಿ ಎದುರು ಬದಿಯ ಗೋಡೆಗೆ ಕಿವಿ ಹಚ್ಚಿ ಕೂತಿದ್ದಳು. ಈ ಕಡೆಯಿಂದ ಮೆಲ್ಲಗೆ, 'ಹಸಿವಾಗೇತೇನು?' ಅಂದೆ. ಮೂವತ್ತು ಮೀಟರಿಗೂ ಜಾಸ್ತಿ ದೂರ. ಉತ್ತರ ಮಾತ್ರ ಕಿವಿ ಪಕ್ಕದಲ್ಲೇ ಬಂತು. 'ಹ್ಞೂಂ ಮಾಮಾ, ಭಾಳ.'

ಇಳಿಯುವಾಗ ಕೇಳಿದಳು, 'ಆಕಾಶದಾಗ ಹಿಂಗ ಮಾತಾಡಿದ್ರ ಕೇಳಸ್ತೈತೇನು?' ಗಾಳಿನೇ ಇಲ್ಲ, ಹೇಗೆ ಕೇಳಿಸುತ್ತೆ ಅಂದೆ. ನಾಲ್ಕು ಮೆಟ್ಟಿಲು ಇಳಿದ ಮೇಲೆ ನನ್ನ ಉತ್ತರ ಅರ್ಧ ತಪ್ಪು ಅನ್ನಿಸಿತು. ಒಂದು ಕಾಲದಲ್ಲಿ ಬ್ರಹ್ಮಾಂಡದ ತುಂಬ ಸದ್ದಿತ್ತು. ಕೇಳಲು ಯಾರೂ ಇರಲಿಲ್ಲ, ಅಷ್ಟೇ.

ಸುಮಾರು 1,380 ಕೋಟಿ ವರ್ಷದ ಹಿಂದಿನ ಮಾತು. 'ಮಹಾಸ್ಫೋಟ' ಅನ್ನೋ ಹೆಸರು ನನಗೆ ಅಷ್ಟು ಹಿಡಿಸುವುದಿಲ್ಲ. ಕೇಳಿದ ಕೂಡಲೇ ದೀಪಾವಳಿಯ ಪಟಾಕಿ ಕಣ್ಣಿಗೆ ಬರುತ್ತದೆ, ನಡುವೆ ಒಂದು ಬಾಂಬು, ಸುತ್ತ ಖಾಲಿ ಬಯಲು. ಅಲ್ಲಿ ಸುತ್ತಲಿನ ಬಯಲೂ ಇರಲಿಲ್ಲ, ನಡುವೂ ಇರಲಿಲ್ಲ. ಜಾಗವೇ ಎಲ್ಲ ಕಡೆ ಹಿಗ್ಗತೊಡಗಿತು. ಅದು ಎಲ್ಲಿ ಆಯಿತು ಅಂತ ಯಾರಾದರೂ ಕೇಳಿದರೆ, ವಿಜಯಪುರದಲ್ಲೂ ಆಯಿತು ಅಂತ ಧೈರ್ಯವಾಗಿ ಹೇಳಬಹುದು.

ಮೊದಲ ಕೆಲವೇ ನಿಮಿಷಗಳಲ್ಲಿ ಪರಮಾಣು ಬೀಜಗಳು ಕೂಡಿಕೊಂಡವು. ತೂಕದಲ್ಲಿ ಮುಕ್ಕಾಲು ಪಾಲು ಹೈಡ್ರೋಜನ್, ಕಾಲು ಪಾಲು ಹೀಲಿಯಂ. ಎಲೆಕ್ಟ್ರಾನುಗಳು ಮಾತ್ರ ಆ ಬಿಸಿಯಲ್ಲಿ ಯಾರ ಕೈಗೂ ಸಿಗದೆ ಅಲೆಯುತ್ತಿದ್ದವು. ಅವುಗಳ ನಡುವೆ ಬೆಳಕಿನ ಪಾಡು ಕೇಳಬೇಡಿ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ಗದ್ದಲದಲ್ಲಿ ಚಪ್ಪಲಿ ಬಿಟ್ಟ ಜಾಗಕ್ಕೆ ವಾಪಸ್ ಹೊರಟಿದ್ದೀರಿ ಅಂದುಕೊಳ್ಳಿ. ಒಂದು ಹೆಜ್ಜೆಗೆ ಒಬ್ಬರು ಡಿಕ್ಕಿ, ಪ್ರತಿ ಡಿಕ್ಕಿಗೂ ದಿಕ್ಕು ಬದಲು. ಬೆಳಕಿಗೂ ಹಾಗೇ ಆಗುತ್ತಿತ್ತು.

ಆದರೆ ಬೆಳಕು ಬಡಪಾಯಿಯಲ್ಲ. ಒಂದೊಂದು ಪ್ರೋಟಾನಿಗೆ ನೂರು ಕೋಟಿಗೂ ಜಾಸ್ತಿ ಬೆಳಕಿನ ಕಣಗಳಿದ್ದವು. ವಸ್ತು ಸ್ವಲ್ಪ ದಟ್ಟವಾಗಿದ್ದ ಕಡೆ ಗುರುತ್ವ ಎಲ್ಲವನ್ನೂ ಒಳಗೆ ಎಳೆಯಿತು. ಕಣ್ಣಿಗೆ ಕಾಣದ ಕಪ್ಪು ದ್ರವ್ಯದ ಎಳೆತವೇ ಇದರಲ್ಲಿ ಜಾಸ್ತಿ. ಒತ್ತಿದಷ್ಟೂ ಒಳಗೆ ಸಿಕ್ಕಿಬಿದ್ದ ಬೆಳಕು ಹೊರಗೆ ತಳ್ಳಿತು. ಎಳೆತ, ತಳ್ಳಾಟ, ಮತ್ತೆ ಎಳೆತ. ಒತ್ತಡ ಹೀಗೆ ಏರಿಳಿಯುತ್ತ ಹರಡುವುದಕ್ಕೇ ಅಲ್ವಾ ನಾವು ಸದ್ದು ಅನ್ನುವುದು? ನಮ್ಮ ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಆ ಕಾಲದ ಸದ್ದು ಶುರುವಿನಲ್ಲಿ ಸೆಕೆಂಡಿಗೆ ಸುಮಾರು 1.7 ಲಕ್ಷ ಕಿಲೋಮೀಟರ್ ಓಡುತ್ತಿತ್ತು!

ಸುಮಾರು 3.8 ಲಕ್ಷ ವರ್ಷಕ್ಕೆ ಬಿಸಿ 3,000 ಡಿಗ್ರಿಯ ಆಸುಪಾಸಿಗೆ ಇಳಿಯಿತು. ಎಲೆಕ್ಟ್ರಾನುಗಳು ಪರಮಾಣು ಸೇರಿಕೊಂಡವು, ಜಾತ್ರೆ ಚದುರಿತು, ಬೆಳಕು ತನ್ನ ದಾರಿ ಹಿಡಿಯಿತು. ತಳ್ಳುವವರೇ ಹೊರಟುಹೋದ ಮೇಲೆ ಸದ್ದು ಎಲ್ಲಿತ್ತೋ ಅಲ್ಲೇ ನಿಂತಿತು.

ಆ ಬೆಳಕು 1964ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಪೆಂಜಿಯಾಸ್ ಮತ್ತು ವಿಲ್ಸನ್ ಅನ್ನೋ ವಿಜ್ಞಾನಿಗಳ ಆಂಟೆನಾಕ್ಕೆ ಗುಂಯ್‌ಗುಡುವ ಶಬ್ದವಾಗಿ ಸಿಕ್ಕಿತು. ಒಳಗೆ ಗೂಡು ಕಟ್ಟಿದ್ದ ಪಾರಿವಾಳಗಳ ಹಿಕ್ಕೆಯ ಮೇಲೂ ಅವರಿಗೆ ಅನುಮಾನ. ತಿಕ್ಕಿ ತೊಳೆದರೂ ಶಬ್ದ ಹೋಗಲಿಲ್ಲ. ಜಾಗ ಹಿಗ್ಗುತ್ತಾ ಬಂದ ಹಾಗೆ ಬೆಳಕಿನ ಅಲೆಯೂ ಉದ್ದವಾಗಿ, ಈಗ ಅದರ ಬಿಸಿ ಮೈನಸ್ 270 ಡಿಗ್ರಿ. ಆಕಾಶದ ಒಂದು ಕಡೆಗೂ ಇನ್ನೊಂದು ಕಡೆಗೂ ಲಕ್ಷದಲ್ಲಿ ಒಂದು ಪಾಲಿನಷ್ಟು ಹೆಚ್ಚುಕಮ್ಮಿ. ಹಳೆಯ ಸದ್ದಿನ ಗುರುತು ಆ ಹೆಚ್ಚುಕಮ್ಮಿಯಲ್ಲೇ ಇದೆ.

ಸದ್ದು ನಿಂತ ಕಡೆ ವಸ್ತು ಚೂರು ಜಾಸ್ತಿ ಉಳಿಯಿತು. ಮುಂದೆ ಅಲ್ಲಿ ಗೆಲಾಕ್ಸಿಗಳೂ ಚೂರು ಜಾಸ್ತಿ ಹುಟ್ಟಿದವು. ಹೊರಗೆ ಬಂದು ಕಡಲೆಕಾಯಿ ತಿನ್ನುತ್ತ ಇಷ್ಟನ್ನೂ ಹೇಳಿದೆ.

'ಅದನ್ನ ಯಾರ್ ಎಣಿಸ್ಯಾರ ಮಾಮಾ?'

ಎಣಿಸಿದ್ದಾರೆ. 2005ರಲ್ಲಿ 46 ಸಾವಿರಕ್ಕೂ ಹೆಚ್ಚು ಗೆಲಾಕ್ಸಿಗಳ ನಡುವಿನ ದೂರ ಲೆಕ್ಕ ಹಾಕಿ ನೋಡಿದರು. ಸುಮಾರು 50 ಕೋಟಿ ಜ್ಯೋತಿರ್ವರ್ಷದ ಅಂತರದಲ್ಲಿರುವ ಜೋಡಿಗಳು ಎಣಿಕೆಯಲ್ಲಿ ಸ್ವಲ್ಪ ಜಾಸ್ತಿ ಬಂದವು. ಸದ್ದು ನಿಲ್ಲುವ ಮುಂಚೆ ಓಡಿದ್ದ ದೂರ, ಹಿಗ್ಗಿ ಹಿಗ್ಗಿ ಇಂದು ಅಷ್ಟಾಗಿದೆ.