ಆಲೆಮನೆ ಹೊಗೆಯಿಂದ ಮಳೆ ದೂರವಾಗುತ್ತದೆಯೇ? ಉಪಗ್ರಹಕ್ಕೆ ಏಕೆ ಗೊತ್ತಾಗುತ್ತಿಲ್ಲ?

ಪ್ರಶ್ನೆ: ನಮ್ಮ ಪಾಂಡವಪುರದ ಕಡೆ ಆಲೆಮನೆಗಳ ಹೊಗೆಯೂ ಇದೆ, ಕಬ್ಬು ಕಡಿದ ಮೇಲೆ ಸೋಗೆಗೆ ಹಚ್ಚುವ ಬೆಂಕಿಯ ಹೊಗೆಯೂ ಇದೆ. ಇದರಿಂದಲೇ ಮಳೆ ಕೈಕೊಡುತ್ತಿದೆ ಎಂದು ಕೆಲವರು, ಹೊಗೆ ಇದ್ದರೇ ಮೋಡ ಕಟ್ಟುವುದು ಎಂದು ಕೆಲವರು. ಉಪಗ್ರಹಗಳು ದಿನವೂ ಮೇಲಿನಿಂದ ನೋಡುತ್ತಿರುವಾಗ ಈ ವಾದ ಇನ್ನೂ ಇತ್ಯರ್ಥವಾಗಿಲ್ಲವೇಕೆ?

ಉತ್ತರ: ಎರಡೂ ಕಡೆಯವರ ಮಾತಿನಲ್ಲಿ ಸ್ವಲ್ಪ ಸ್ವಲ್ಪ ನಿಜವಿದೆ, ವಾದ ಮುಗಿಯದಿರುವುದೂ ಅದಕ್ಕೇ. ತೇವಾಂಶವೊಂದೇ ಇದ್ದರೆ ಮೋಡ ಕಟ್ಟುವುದಿಲ್ಲ. ಆವಿ ಹನಿಗಟ್ಟಲು ಒಂದು ಕಣದ ಆಸರೆ ಬೇಕು: ಧೂಳು, ಸಮುದ್ರದ ಉಪ್ಪು, ಹೊಗೆ, ಗಂಧಕದ ಸಂಯುಕ್ತ. ಗಾಳಿಯಲ್ಲಿ ತೇಲುವ ಇಂಥ ಕಣಗಳಿಗೆಲ್ಲ ಏರೋಸಾಲ್ ಎಂಬ ಒಂದೇ ಹೆಸರು. ಕಣಗಳು ಹೆಚ್ಚಿದರೆ ಇದ್ದ ನೀರೇ ಹೆಚ್ಚು ಹನಿಗಳಿಗೆ ಹಂಚಿಹೋಗುತ್ತದೆ. ಪಾಲುದಾರರು ಹೆಚ್ಚಿದಷ್ಟೂ ಒಬ್ಬೊಬ್ಬರ ಪಾಲು ಎಷ್ಟು ಕುಗ್ಗುತ್ತದೆಂದು ವಿ.ಸಿ. ನಾಲೆಯ ಕೊನೆ ಭಾಗದ ರೈತರಿಗೆ ಬಿಡಿಸಿ ಹೇಳಬೇಕಿಲ್ಲ. ಸಣ್ಣ ಹನಿಗಳ ಮೋಡ ಹೆಚ್ಚು ಬೆಳ್ಳಗಿದ್ದು ಹೆಚ್ಚು ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ ಎಂದು ಶಾನ್ ಟೂಮಿ ಎಂಬ ವಿಜ್ಞಾನಿ 1970ರ ದಶಕದಲ್ಲೇ ತೋರಿಸಿದ್ದರು. ಒಂದು ಮಳೆಹನಿಯಾಗಲು ಸುಮಾರು ಹತ್ತು ಲಕ್ಷ ಮೋಡದ ಹನಿಗಳು ಕೂಡಬೇಕು. ಹನಿಗಳು ಸಣ್ಣವಾದರೆ ಆ ಕೂಡಿಕೆಯೂ ನಿಧಾನ. ದೊಡ್ಡ ಗುಡುಗುಮೋಡಗಳಲ್ಲಿ ಇದೇ ಕಾರಣಕ್ಕೆ ಮಳೆಯ ರಭಸ ಹೆಚ್ಚಬಹುದು ಎನ್ನುವವರೂ ಇದ್ದಾರೆ. ಅಲ್ಲಿ ಒಮ್ಮತವಿಲ್ಲ.

ಇಷ್ಟು ತತ್ತ್ವವಾಯಿತು. ತೊಡಕಿರುವುದು ಅಳತೆಯಲ್ಲಿ.

ಸಾಮಾನ್ಯ ಉಪಗ್ರಹ ಕ್ಯಾಮೆರಾ ಏರೋಸಾಲನ್ನು ಅಳೆಯುವುದು ಮೋಡವಿಲ್ಲದ ಜಾಗದಲ್ಲಿ. ಮೋಡದ ಬಿಳುಪಿನ ಎದುರು ಹೊಗೆಯ ಮಂದ ಬೆಳಕು ಲೆಕ್ಕಕ್ಕೇ ಸಿಗುವುದಿಲ್ಲ. ಹನಿಯ ಗಾತ್ರವನ್ನು ಅಳೆಯುವುದಾದರೋ ಮೋಡವಿರುವ ಜಾಗದಲ್ಲಿ. ಎಂದರೆ, ಮೋಡದೊಳಗೆ ಹೊಕ್ಕ ಕಣವನ್ನು ಉಪಗ್ರಹ ನೋಡಿಯೇ ಇಲ್ಲ. ಪಕ್ಕದ ಬಯಲಿನ ಮೇಲಿನ ಹೊಗೆಯನ್ನು ನೋಡಿ, ಇಲ್ಲೂ ಅಷ್ಟೇ ಇದ್ದೀತು ಎಂದುಕೊಳ್ಳಬೇಕು. ಆಷಾಢದಲ್ಲಿ ಚಾಮುಂಡಿ ಬೆಟ್ಟವೇ ಮೋಡದಲ್ಲಿ ಮುಳುಗಿರುವ ದಿನಗಳಲ್ಲಿ ಆ ಪಕ್ಕದ ಬಯಲೂ ಸಿಗುವುದಿಲ್ಲ. ಸಿಕ್ಕರೂ ಅದನ್ನು ಪೂರ್ತಿ ನಂಬುವಂತಿಲ್ಲ: ಮೋಡದ ಅಂಚಿನ ತೇವಕ್ಕೆ ಕಣಗಳು ಉಬ್ಬಿರುತ್ತವೆ, ಮೋಡದ ಪಕ್ಕೆಯಿಂದ ಚದುರಿದ ಬೆಳಕು ಬೇರೆ ಸೇರಿಕೊಂಡು ಇರುವುದಕ್ಕಿಂತ ಹೆಚ್ಚು ಹೊಗೆ ಕಾಣುತ್ತದೆ. ಇದರ ಮೇಲೆ ಇನ್ನೊಂದು: ಮೋಡ ಕಣಗಳನ್ನು ಎಳೆದುಕೊಳ್ಳುವುದು ಬಹುಮಟ್ಟಿಗೆ ತನ್ನ ತಳದಿಂದ, ಉಪಗ್ರಹ ಲೆಕ್ಕಹಾಕುವುದು ನೆಲದಿಂದ ಆಕಾಶದವರೆಗಿನ ಒಟ್ಟು ಮೊತ್ತವನ್ನು.

ಹನಿಗಳ ಲೆಕ್ಕವೂ ನೇರವಾದುದಲ್ಲ. 1999ರಲ್ಲಿ ಹಾರಿದ ಟೆರಾ, 2002ರಲ್ಲಿ ಹಾರಿದ ಅಕ್ವಾ ಉಪಗ್ರಹಗಳಲ್ಲಿರುವ ಮೋಡಿಸ್ ಉಪಕರಣ ಹನಿಗಳನ್ನು ಎಣಿಸುವುದಿಲ್ಲ. ಮೋಡದಿಂದ ಮರಳಿದ ಬೆಳಕಿನಿಂದ ಅದರ ನೆತ್ತಿಯ ಹನಿಗಳ ಗಾತ್ರವನ್ನೂ ಮೋಡದ ದಟ್ಟತೆಯನ್ನೂ ಅಂದಾಜು ಮಾಡಿ, ಅವೆರಡರಿಂದ ಸಂಖ್ಯೆಯನ್ನು ಹೊರಡಿಸುತ್ತಾರೆ. ಆ ಸೂತ್ರದಲ್ಲಿ ಗಾತ್ರದ ಘಾತ ಎರಡೂವರೆ. ಗಾತ್ರದಲ್ಲಿ ಶೇ. 10ರಷ್ಟು ತಪ್ಪಿದರೆ ಸಂಖ್ಯೆಯಲ್ಲಿ ಸುಮಾರು ಶೇ. 25ರಷ್ಟು ತಪ್ಪುತ್ತದೆ. ಸಮುದ್ರದ ಮೇಲೆ ಹಾಸಿದಂತಿರುವ ಮೋಡಗಳಿಗೆ ಈ ವಿಧಾನ ತಕ್ಕಮಟ್ಟಿಗೆ ಒಗ್ಗುತ್ತದೆ. ನಮ್ಮ ಬೇಸಿಗೆಯ ಚೂರುಚೂರು ಮೋಡಗಳಲ್ಲಿ ಹಳಿ ತಪ್ಪುತ್ತದೆ. ಸಮಯವೂ ಕೂಡಿಬರುವುದಿಲ್ಲ: ಟೆರಾ ಬಹುಕಾಲ ಹಾದುಹೋಗುತ್ತಿದ್ದುದು ಬೆಳಿಗ್ಗೆ ಹತ್ತೂವರೆಗೆ, ಅಕ್ವಾ ಮಧ್ಯಾಹ್ನ ಒಂದೂವರೆಗೆ. ಧರಣಿಯೆಲ್ಲ ಬೆಳೆ ಕೊಡುವ ಭರಣಿ ಮಳೆ ಸಾಮಾನ್ಯವಾಗಿ ಸುರಿಯುವುದು ಸಂಜೆಗೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಕಗ್ಗಂಟಾದುದು ಬೇರೆಯೇ ಇದೆ. ಗಾಳಿ ಸ್ತಬ್ಧವಾಗಿ ಒಣಗಿದ ದಿನಗಳಲ್ಲಿ ಹೊಗೆ ಊರ ಮೇಲೇ ನಿಲ್ಲುತ್ತದೆ, ಮಳೆಯೂ ಇರುವುದಿಲ್ಲ. ಮಳೆ ಬಂದರೆ ಹೊಗೆಯನ್ನು ತೊಳೆದುಬಿಡುತ್ತದೆ. ಹಾಗಾಗಿ ಹೊಗೆ ಹೆಚ್ಚಿದ್ದಾಗ ಮಳೆ ಕಡಿಮೆ ಎಂಬ ಅಂಕಿಅಂಶ ಯಾವ ಊರಿನಲ್ಲಾದರೂ ಸಿಕ್ಕೀತು. ಹೊಗೆಯೇ ಕಾರಣ ಎನ್ನಲು ಅದು ಸಾಲದು. ಹವೆ ಹಾಗೆಯೇ ಇದ್ದು ಕಣಗಳಷ್ಟೇ ಹೆಚ್ಚುವ ಸಂದರ್ಭಗಳಿಗಾಗಿ ವಿಜ್ಞಾನಿಗಳು ಹುಡುಕುವುದು ಇದಕ್ಕಾಗಿಯೇ. 2014-15ರಲ್ಲಿ ಐಸ್‌ಲ್ಯಾಂಡಿನ ಹೋಲುಹ್ರೌನ್‌ನಲ್ಲಿ ಜ್ವಾಲಾಮುಖಿ ತಿಂಗಳುಗಟ್ಟಲೆ ಗಂಧಕದ ಅನಿಲ ಉಗುಳಿದಾಗ ಅಂಥದೊಂದು ಸಿಕ್ಕಿತು. ಮೋಡದ ಹನಿಗಳು ಸ್ಪಷ್ಟವಾಗಿ ಸಣ್ಣವಾದವು, ಆದರೆ ಮೋಡದಲ್ಲಿದ್ದ ನೀರಿನ ಪ್ರಮಾಣ ಹೇಳಿಕೊಳ್ಳುವಷ್ಟು ಬದಲಾಗಲಿಲ್ಲ. ಅಂದಿನಿಂದ ‘ಹನಿ ಸಣ್ಣದಾಗುತ್ತದೆ’ ಎಂದರೆ ಒಪ್ಪುತ್ತೇನೆ. ‘ಆದ್ದರಿಂದ ಮಳೆ ನಿಂತಿತು’ ಎಂದು ಯಾರಾದರೂ ಮುಂದುವರಿಸಿದರೆ ಪುರಾವೆ ಕೇಳುತ್ತೇನೆ.

2024ರಲ್ಲಿ ಹಾರಿದ ಎರಡು ಉಪಗ್ರಹಗಳಿಂದ ಸ್ವಲ್ಪ ಅನುಕೂಲವಾಗಿದೆ. ನಾಸಾದ ಪೇಸ್, ಬೆಳಕಿನ ಧ್ರುವೀಕರಣವನ್ನು, ಎಂದರೆ ಬೆಳಕಿನ ಅಲೆ ಯಾವ ದಿಕ್ಕಿನಲ್ಲಿ ಕಂಪಿಸುತ್ತದೆ ಎಂಬುದನ್ನು, ಹಲವು ಕೋನಗಳಿಂದ ಅಳೆದು ಕಣಗಳ ಗಾತ್ರ, ಬಗೆಗಳನ್ನು ಹೆಚ್ಚು ಚೆನ್ನಾಗಿ ಗುರುತಿಸುತ್ತದೆ. ಯುರೋಪ್ ಮತ್ತು ಜಪಾನಿನ ಅರ್ತ್‌ಕೇರ್, ಲೇಸರ್ ಮತ್ತು ರೇಡಾರ್ ಎರಡನ್ನೂ ಹೊತ್ತಿದ್ದು, ಕಣಗಳು ಯಾವ ಎತ್ತರದಲ್ಲಿವೆ, ಮೋಡ ಯಾವ ಎತ್ತರದಲ್ಲಿದೆ ಎಂದು ತಿಳಿಸುತ್ತದೆ. ಆದರೆ ಆ ಲೇಸರಿಗೆ ಕಾಣುವುದು ಉಪಗ್ರಹದ ದಾರಿಯ ಕೆಳಗಿನ ಸಪೂರ ಗೆರೆ ಮಾತ್ರ. ದಕ್ಷಿಣ ಭಾರತದ ಮಬ್ಬು ವರ್ಷಗಟ್ಟಲೆ ಮೋಡಗಳನ್ನು ಹೇಗೆ ಬದಲಿಸಿದೆ ಎಂಬುದಕ್ಕೆ ಇವುಗಳಿಂದ ಉತ್ತರ ಬಂದೀತು. ಪಾಂಡವಪುರದ ಮೇಲಿನ ಒಂದು ಮೋಡಕ್ಕೆ ನಿಮ್ಮ ಆಲೆಮನೆಗಳು ಏನು ಮಾಡಿದವು ಎಂದು ತಿಳಿಯಬೇಕಾದರೆ, ಪುಣೆಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆ 2009ರಿಂದ ಮಾಡಿದಂತೆ, ಉಪಕರಣ ಹೊತ್ತ ವಿಮಾನವೇ ಆ ಮೋಡದೊಳಗೆ ನುಗ್ಗಬೇಕು.