ಹತ್ತು ವರ್ಷ ಮಲಗಿದ್ದ ಹಳಿ

ಸಕಲೇಶಪುರದಿಂದ ಮಂಗಳೂರಿನತ್ತ ಹೊರಟ ರೈಲು ದೋಣಿಗಾಲ್ ದಾಟಿದ ಮೇಲೆ ಘಟ್ಟ ಇಳಿಯಲು ತೊಡಗುತ್ತದೆ. ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ ಸುಮಾರು 55 ಕಿಲೋಮೀಟರ್ ದಾರಿಯಲ್ಲಿ 57 ಸುರಂಗಗಳೂ 109 ಸೇತುವೆಗಳೂ ಇವೆ ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಸುರಂಗ 58 ಎನ್ನುವವರೂ ಇದ್ದಾರೆ. ಕತ್ತಲಲ್ಲಿ ಎಣಿಸಿದವರಿಗೆ ಒಂದು ಹೆಚ್ಚುಕಡಿಮೆಯಾಗುವುದು ಸಹಜ. 1996ರಿಂದ ಸುಮಾರು ಹತ್ತು ವರ್ಷ ಈ ದಾರಿಯಲ್ಲಿ ರೈಲು ಓಡಲಿಲ್ಲ. ಯಾವ ಇಲಾಖೆಯೂ ಯೋಜಿಸದೆ, ಯಾರೂ ಉದ್ಘಾಟನೆಯ ಟೇಪು ಕತ್ತರಿಸದೆ, ಅದು ಆ ಅವಧಿಯಲ್ಲಿ ನಡೆಯುವವರ ದಾರಿಯಾಗಿ, 'ಗ್ರೀನ್ ರೂಟ್' ಎಂಬ ಹೆಸರಿನಿಂದ ಹಾಸನ ಜಿಲ್ಲೆಯ ಆಚೆಗೂ ಪ್ರಸಿದ್ಧವಾಯಿತು.

ರೈಲು ಬಿಟ್ಟುಹೋದ ದಾರಿ ಕಾಲ್ನಡಿಗೆಗೆ ಇಷ್ಟು ಚೆನ್ನಾಗಿ ಒಗ್ಗುವುದಕ್ಕೆ ಕಾರಣ ಉಕ್ಕಿನ ಗುಣದಲ್ಲಿದೆ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಉರುಳುವಾಗ ಎದುರಾಗುವ ತಡೆ ಅತ್ಯಲ್ಪ. ಸಮತಟ್ಟಾದ ಜಾಗದಲ್ಲಿ ನಿಧಾನವಾಗಿ ಸಾಗುವ ಒಂದು ಟನ್ ಭಾರದ ಬೋಗಿಯನ್ನು ಎಳೆಯಲು ಸುಮಾರು ಎರಡು ಕಿಲೋ ತೂಕದಷ್ಟು ಬಲ ಸಾಕು. ಆದರೆ ಹೀಗೆ ಸಲೀಸಾಗಿ ಉರುಳುವ ಚಕ್ರಕ್ಕೆ ಹತ್ತುವಾಗ ಹಿಡಿತವೇ ಸಿಗುವುದಿಲ್ಲ. ನಮ್ಮ ಘಟ್ಟದ ಹಳಿಯ ಇಳಿಜಾರು 50ಕ್ಕೆ 1, ಅಂದರೆ ಐವತ್ತು ಮೀಟರ್ ಸಾಗಿದರೆ ಒಂದು ಮೀಟರ್ ಏರು. ಇಷ್ಟರಲ್ಲೇ ಒಂದೊಂದು ಟನ್ನಿಗೂ ಹೆಚ್ಚುವರಿ ಇಪ್ಪತ್ತು ಕಿಲೋ ತೂಕದಷ್ಟು ಬಲ ಬೇಕಾಗುತ್ತದೆ, ಸಮತಟ್ಟಿನಲ್ಲಿ ಬೇಕಿದ್ದುದರ ಹತ್ತು ಪಟ್ಟು. ಎರಡು ಸಾವಿರ ಟನ್ನಿನ ಗೂಡ್ಸ್ ಗಾಡಿಯಾದರೆ ನಲವತ್ತು ಟನ್ ತೂಕ ಅದನ್ನು ಸದಾ ಹಿಂದಕ್ಕೆ ಜಗ್ಗುತ್ತಿದ್ದಂತೆ. ಮುಂಗಾರಿನಲ್ಲಿ ಹಳಿ ನೆನೆದರೆ ಹಿಡಿತ ಇನ್ನೂ ಕುಸಿಯುತ್ತದೆ. ಅದಕ್ಕೇ ಇಂಜಿನ್ನುಗಳಲ್ಲಿ ಚಕ್ರದ ಮುಂದೆ ಮರಳು ಉದುರಿಸುವ ವ್ಯವಸ್ಥೆಯಿದೆ. ಭಾರದ ಗಾಡಿಗಳಿಗೆ ಹಿಂದಿನಿಂದ ಒತ್ತುವ ಇಂಜಿನ್ನುಗಳೂ ಬೇಕು.

ರೈಲಿಗೆ ಕಡಿದಾದ ಈ ಏರು ಮನುಷ್ಯನ ಕಾಲಿಗೆ ಗೊತ್ತೇ ಆಗುವುದಿಲ್ಲ, ಏಕೆಂದರೆ ಅದು ಒಂದು ಡಿಗ್ರಿಗಿಂತ ಸ್ವಲ್ಪವೇ ಹೆಚ್ಚಿನ ಕೋನ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಸಕಲೇಶಪುರದಿಂದ ಘಟ್ಟದ ಬುಡಕ್ಕೆ ಏಳುನೂರು ಮೀಟರಿಗೂ ಹೆಚ್ಚು ಇಳಿಯಬೇಕು. ಗುಡ್ಡದ ಕಾಲುದಾರಿಯಲ್ಲಿ ಅಷ್ಟು ಇಳಿದವನ ಮಂಡಿ ಮರುದಿನ ಮಾತಾಡುತ್ತದೆ. ಹಳಿಯ ದಾರಿಯಲ್ಲಿ ಇಳಿದವನಿಗೆ ಇಳಿದದ್ದೇ ತಿಳಿಯದು. ರೈಲಿನ ದೌರ್ಬಲ್ಯವನ್ನು ಸರಿದೂಗಿಸಲು ಬಂಡೆ ಕೊರೆದು, ಕೊಳ್ಳಗಳಿಗೆ ಸೇತುವೆ ಕಟ್ಟಿ, ಬೆಟ್ಟದ ಪಕ್ಕೆಯನ್ನು ಬಳಸಿ ಬಳಸಿ ಮಾಡಿದ ಕೆಲಸವೆಲ್ಲ ನಡೆಯುವವರಿಗೆ ಪುಕ್ಕಟೆಯಾಗಿ ದಕ್ಕಿದಂತಾಯಿತು.

ಇಷ್ಟು ಪ್ರಯಾಸಪಟ್ಟು ಕಟ್ಟಿದ ಹಳಿ ಅಷ್ಟು ಬೇಗ ಮಲಗಿದ್ದೇಕೆ? 1974ರಲ್ಲಿ ನವಮಂಗಳೂರು ದೇಶದ ಪ್ರಮುಖ ಬಂದರುಗಳಲ್ಲಿ ಒಂದೆಂದು ಘೋಷಿತವಾಯಿತು. ಬಂದರಿಗೂ ಘಟ್ಟದ ಮೇಲಿನ ನಾಡಿಗೂ ರೈಲಿನ ಕೊಂಡಿಯಾಗಿ ಹಾಸನ–ಮಂಗಳೂರು ಮಾರ್ಗ 1979ರಲ್ಲಿ ಪೂರ್ಣಗೊಂಡಿತು, ಆದರೆ ಮೀಟರ್ ಗೇಜಿನಲ್ಲಿ, ಅಂದರೆ ಎರಡು ಕಂಬಿಗಳ ನಡುವೆ ಒಂದು ಮೀಟರ್ ಅಂತರವಿಟ್ಟು. 1992ರಲ್ಲಿ ರೈಲ್ವೆಯು ದೇಶದ ಹಳಿಗಳನ್ನೆಲ್ಲ ಒಂದೇ ಅಳತೆಗೆ ತರುವ ಯುನಿಗೇಜ್ ಯೋಜನೆಯನ್ನು ಕೈಗೊಂಡ ಮೇಲೆ 1000 ಮಿಲಿಮೀಟರಿನ ಈ ಹಳಿ 1676 ಮಿಲಿಮೀಟರಿನ ಬ್ರಾಡ್ ಗೇಜ್ ಆಗಬೇಕಾಯಿತು. ಹದಿನೇಳೇ ವರ್ಷ ದುಡಿದ ಹಳಿ 1996ರಲ್ಲಿ ನಿಂತಿತು. 676 ಮಿಲಿಮೀಟರ್ ಅಗಲಿಸುವುದೆಂದರೆ ಎರಡು ಕಂಬಿಗಳನ್ನು ಆಚೀಚೆ ಸರಿಸಿದಷ್ಟೇ ಎಂದು ತೋರಬಹುದು. ಆದರೆ ಕಂಬಿಗಳ ಕೆಳಗೆ ಅಡ್ಡಲಾಗಿ ಹಾಸುವ ಸ್ಲೀಪರುಗಳಿಂದ ಹಿಡಿದು ಸೇತುವೆಯ ತೊಲೆಗಳವರೆಗೆ ಎಲ್ಲವೂ ಹೆಚ್ಚಿನ ಭಾರಕ್ಕೆ ಸಜ್ಜಾಗಬೇಕು. ಕೆಲಸ ಮುಗಿಸಲು 2003ರಲ್ಲಿ ಪ್ರತ್ಯೇಕ ಕಂಪನಿಯೇ ಹುಟ್ಟಿಕೊಂಡಿತು. ಗೂಡ್ಸ್ ಗಾಡಿಗಳು 2006ರಲ್ಲಿ, ಪ್ರಯಾಣಿಕರ ರೈಲು 2007ರ ಡಿಸೆಂಬರಿನಲ್ಲಿ ಮರಳಿದವು.

ಈ ನಡುವಿನ ವರ್ಷಗಳಲ್ಲಿ ಬೆನ್ನಿಗೆ ಚೀಲ, ಕೈಯಲ್ಲಿ ಟಾರ್ಚು ಹಿಡಿದು ದೋಣಿಗಾಲಿನಿಂದ ಇಳಿದವರು ಕಡಗರವಳ್ಳಿ ದಾಟಿ, ರಸ್ತೆಯ ಸಂಪರ್ಕವೇ ಇಲ್ಲದ ಎಡಕುಮೇರಿ ನಿಲ್ದಾಣದಲ್ಲಿ ರಾತ್ರಿ ಕಳೆಯುತ್ತಿದ್ದರು. ನಡಿಗೆ ಸಲೀಸಾಗಿತ್ತೆಂದು ಮಾತ್ರ ಯಾರೂ ಹೇಳಲಾರರು. ಸ್ಲೀಪರುಗಳ ನಡುವಿನ ಅಂತರ ಸಾಮಾನ್ಯವಾಗಿ ಅರವತ್ತು ಸೆಂಟಿಮೀಟರಿನ ಆಸುಪಾಸು. ವಯಸ್ಕರ ಸಹಜ ಹೆಜ್ಜೆ ಎಪ್ಪತ್ತನ್ನು ದಾಟುತ್ತದೆ. ಒಂದೊಂದನ್ನೇ ಮೆಟ್ಟಿದರೆ ಕುಂಟಿದಂತೆ, ಒಂದು ಬಿಟ್ಟು ಒಂದನ್ನು ಮೆಟ್ಟಿದರೆ ಹಾರಿದಂತೆ. ಪಕ್ಕಕ್ಕೆ ಇಳಿದರೆ ಜಲ್ಲಿ. ಹಳಿಗೆ ಹಾಕುವ ಜಲ್ಲಿ ಬೇಕೆಂದೇ ಚೂಪಾಗಿರುತ್ತದೆ: ಮೂಲೆಗಳು ಒಂದಕ್ಕೊಂದು ಕಚ್ಚಿಕೊಂಡು ಸ್ಲೀಪರು ಕದಲದಂತೆ ಹಿಡಿಯಬೇಕು, ಮಳೆನೀರು ಸಂದಿಯಲ್ಲಿ ಬಸಿದುಹೋಗಬೇಕು. ಹೊಳೆಯ ನುಣುಪುಗಲ್ಲು ಇದಕ್ಕೆ ಬಾರದು. ಇನ್ನು ಉಕ್ಕಿನ ತೊಲೆಯ ಸೇತುವೆಗಳಲ್ಲಿ ಜಲ್ಲಿಯೂ ಇಲ್ಲ. ಎರಡು ಸ್ಲೀಪರುಗಳ ನಡುವಿನ ಕಿಂಡಿಯಲ್ಲಿ ಕಣಿವೆಯ ತಳವೇ ಕಾಣಿಸುತ್ತದೆ. ಮಳೆಗಾಲದಲ್ಲಿ ಇಂಬಳದ ಕಾಟ ಬೇರೆ.

ಹಳೆಯ ಹಳಿಯನ್ನು ನಿಜವಾಗಿಯೂ ನಡಿಗೆದಾರಿ ಮಾಡಿದವರು ಮೊದಲು ಮಾಡಿದ್ದು ಇದನ್ನೇ, ಕಂಬಿ, ಸ್ಲೀಪರುಗಳನ್ನು ಕಿತ್ತು ನುಣ್ಣನೆಯ ಪುಡಿಗಲ್ಲು ಹಾಸಿದ್ದು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಎಲ್‌ರಾಯ್–ಸ್ಪಾರ್ಟಾ ದಾರಿ ಈ ಬಗೆಯ ಮೊದಲ ದಾರಿಗಳಲ್ಲಿ ಹೆಸರಾದುದು. ಅಲ್ಲಿ 1960ರ ದಶಕದಲ್ಲಿ ರೈಲು ನಿಂತ ಮೇಲೆ ಸುಣ್ಣಕಲ್ಲಿನ ಪುಡಿ ಹಾಸಿ ಸೈಕಲ್ಲಿಗೂ ಕಾಲ್ನಡಿಗೆಗೂ ಬಿಟ್ಟರು. ಅದರ ಉದ್ದ 51 ಕಿಲೋಮೀಟರಿನಷ್ಟು, ಹೆಚ್ಚುಕಡಿಮೆ ನಮ್ಮ ಘಟ್ಟದ ದಾರಿಯಷ್ಟೇ. ಸುರಂಗ ಮಾತ್ರ ಮೂರು.

ಕಾನೂನಿನ ತೊಡಕು ಪುಡಿಗಲ್ಲು ಹಾಸಿದಷ್ಟು ಸುಲಭದಲ್ಲಿ ಬಗೆಹರಿಯಲಿಲ್ಲ. ಅಲ್ಲಿನ ಅನೇಕ ರೈಲು ಕಂಪನಿಗಳಿಗೆ ಹಳಿಯ ಕೆಳಗಿನ ನೆಲದ ಮೇಲಿದ್ದುದು ಬಳಕೆಯ ಹಕ್ಕು ಮಾತ್ರ. ರೈಲು ನಿಂತಿತೆಂದರೆ ನೆಲ ಅಕ್ಕಪಕ್ಕದ ಜಮೀನಿನವರಿಗೆ ಮರಳುತ್ತಿತ್ತು, ಉದ್ದನೆಯ ದಾರಿ ತುಂಡುತುಂಡಾಗುತ್ತಿತ್ತು. 1983ರ ತಿದ್ದುಪಡಿಯೊಂದು ಇದಕ್ಕೆ ಜಾಣತನದ ಉಪಾಯ ಹೂಡಿತು: ನಿಂತ ಮಾರ್ಗವನ್ನು ಸತ್ತಿದೆ ಎನ್ನದೆ, ಮುಂದೆ ಎಂದಾದರೂ ರೈಲಿಗೆ ಬೇಕಾಗಬಹುದೆಂದು ಕಾಪಿಟ್ಟಿದೆ ಎಂದು ಪರಿಗಣಿಸಿ, ಅಲ್ಲಿಯವರೆಗೆ ನಡೆಯುವವರಿಗೆ ಬಿಟ್ಟುಕೊಡುವುದು. 1990ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೂ ಇದನ್ನು ಎತ್ತಿಹಿಡಿಯಿತು. ಈ ವಿವರ ಓದುವಾಗ ನನಗೆ ನೆನಪಾಗುವುದು ನಮ್ಮ ಹಳಿಯೇ. ಕಾಪಿಟ್ಟ ಮಾರ್ಗಕ್ಕೆ ರೈಲು ಮರಳಿದ ನಿದರ್ಶನಗಳು ಅಲ್ಲಿ ವಿರಳ. ಅಂಥ ಯಾವ ಕಾನೂನೂ ಇಲ್ಲದ ನಮ್ಮ ಘಟ್ಟದಲ್ಲಿ ಅದು ಅಕ್ಷರಶಃ ನಡೆದುಹೋಯಿತು.

ರೈಲು ಮರಳಿದ ಮೇಲೂ ನಡಿಗೆಯ ರೂಢಿ ನಿಲ್ಲಲಿಲ್ಲ, ನಿಲ್ಲಬೇಕಾಗಿತ್ತು. ಬಾಗಿದ ಸುರಂಗದೊಳಗೆ ಆಚೆ ತುದಿಯ ಬೆಳಕು ಕಾಣುವುದಿಲ್ಲ, ಜಲಪಾತದ ಸದ್ದಿನಲ್ಲಿ ಇಂಜಿನ್ನಿನ ಸದ್ದು ಮುಳುಗುತ್ತದೆ. 1989ರ ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಹಳಿಯ ಮೇಲಿನ ಅತಿಕ್ರಮಣಕ್ಕೆ ಆರು ತಿಂಗಳವರೆಗೆ ಸಜೆ ಅಥವಾ ಸಾವಿರ ರೂಪಾಯಿಯವರೆಗೆ ದಂಡ ಉಂಟು. ಹಳಿಯ ಮೇಲಿನ ಸೆಲ್ಫಿಗಳನ್ನು ಕಂಡಾಗ ಈ ದಂಡ ಕಡಿಮೆಯಾಯಿತೇನೋ ಎನಿಸುತ್ತದೆ. ಜೊತೆಗೆ ಘಟ್ಟವೇ ಆಗಾಗ ತನ್ನ ಮಾತು ಹೇಳುತ್ತದೆ: 2018ರ ಆಗಸ್ಟಿನಲ್ಲೂ 2024ರ ಜುಲೈಯಲ್ಲೂ ಗುಡ್ಡ ಕುಸಿದು ಹಳಿ ಮತ್ತೆ ಕೆಲಕಾಲ ಮಲಗಿತು.

2021ರ ಜುಲೈಯಿಂದ ಮಂಗಳೂರು–ಬೆಂಗಳೂರು ಹಗಲು ರೈಲಿಗೆ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿಗಳು ಸೇರಿವೆ. ಘಟ್ಟದಲ್ಲಿ ಗಂಟೆಗೆ ಮೂವತ್ತು ಕಿಲೋಮೀಟರಿನ ಆಸುಪಾಸಿನಲ್ಲೇ ತೆವಳುವ ಆ ಗಾಡಿಯೊಳಗೆ ಕುಳಿತವರಿಗೆ, ಹಿಂದೆ ನಡೆಯುವವರು ಎರಡು ದಿನ ಸವೆಸುತ್ತಿದ್ದ ದಾರಿ ಎರಡು ಮೂರು ಗಂಟೆಗಳಲ್ಲಿ ಮುಗಿಯುತ್ತದೆ. ಎದುರಿನ ಗಾಡಿಗೆ ದಾರಿ ಬಿಡಲು ರೈಲು ಎಡಕುಮೇರಿಯಲ್ಲಿ ನಿಂತರೆ, ಬಾಗಿಲಲ್ಲಿ ನಿಂತ ನಡುವಯಸ್ಸಿನವರು ಯಾರಾದರೂ ಪ್ಲಾಟ್‌ಫಾರ್ಮಿನ ಒಂದು ಮೂಲೆಯತ್ತ ಕೈ ತೋರಿಸಿ, ತಾವು ಆ ರಾತ್ರಿ ಮಲಗಿದ್ದು ಅಲ್ಲೇ ಎಂದು ಪಕ್ಕದವರಿಗೆ ಹೇಳತೊಡಗಬಹುದು.