ಸ್ಟ್ರೈನ್ ಎನರ್ಜಿ: ಎಳೆದ ಕೆಲಸ ಎಲ್ಲಿ ಹೋಗುತ್ತದೆ?

ರಬ್ಬರ್ ಬ್ಯಾಂಡ್ ಒಂದನ್ನು ಎರಡೂ ಕೈಯಲ್ಲಿ ಹಿಡಿದು ಎಳೆಯಿರಿ. ಎಳೆದಷ್ಟೂ ಬಿಗಿಯಾಗುತ್ತದೆ. ಒಂದು ತುದಿ ಬಿಟ್ಟರೆ ಚಟ್ಟನೆ ಹಾರುತ್ತದೆ. ಹಾರಲು ಬೇಕಾದ ಶಕ್ತಿ ಕೊಟ್ಟದ್ದು ನಿಮ್ಮ ಕೈಯೇ. ವಸ್ತುವನ್ನು ಹಿಗ್ಗಿಸಲು, ಕುಗ್ಗಿಸಲು ಅಥವಾ ಬಾಗಿಸಲು ಮಾಡಿದ ಕೆಲಸ ಹೀಗೆ ಅದರಲ್ಲೇ ಕೂಡಿಕೊಂಡಿದ್ದರೆ ಅದು ಸ್ಟ್ರೈನ್ ಎನರ್ಜಿ. ಕನ್ನಡದಲ್ಲಿ ವಿಕೃತಿ ಶಕ್ತಿ ಎನ್ನಬಹುದು. ಇಲ್ಲಿ ವಿಕೃತಿಗೆ ಕೆಟ್ಟ ಅರ್ಥವಿಲ್ಲ. ಮೊದಲಿದ್ದ ಅಳತೆಗೆ ಹೋಲಿಸಿದರೆ ಎಷ್ಟು ಬದಲಾಯಿತು ಅನ್ನುವ ಲೆಕ್ಕ, ಅಷ್ಟೇ.

ಲೆಕ್ಕಕ್ಕೆ ಸ್ಪ್ರಿಂಗ್ ಒಳ್ಳೆಯದು. ಹಿಗ್ಗಿದಷ್ಟೂ ಅದಕ್ಕೆ ತಕ್ಕ ಬಲ ಬೇಕು ಎಂದು ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ 1678ರಲ್ಲಿ ಬರೆದ. ಒಂದು ಸ್ಪ್ರಿಂಗನ್ನು 10 ಸೆಂಟಿಮೀಟರ್ ಹಿಗ್ಗಿಸಿ ಹಿಡಿಯಲು 20 ನ್ಯೂಟನ್ ಬಲ ಬೇಕು ಎನ್ನಿ. ಕೆಲಸ ಅಂದರೆ ಬಲವನ್ನು ದೂರದಿಂದ ಗುಣಿಸಬೇಕು. ಹಾಗಾದರೆ 20 × 0.1, ಅಂದರೆ 2 ಜೂಲ್ ಅಲ್ವಾ?

ಅಲ್ಲ. ತುಂಬಾ ಜನ ಎಡವುವುದು ಇಲ್ಲೇ. 20 ನ್ಯೂಟನ್ ಬೇಕಾದದ್ದು ಕೊನೆಯಲ್ಲಿ ಮಾತ್ರ. ಶುರುವಿನಲ್ಲಿ ಬಲ ಸೊನ್ನೆ, ಆಮೇಲೆ ಒಂದೇ ಸಮನೆ ಏರುತ್ತದೆ. ಸರಾಸರಿ 10 ನ್ಯೂಟನ್. ಹಾಗಾಗಿ ಕೆಲಸ 1 ಜೂಲ್. ಸ್ಪ್ರಿಂಗಿನ ಶಕ್ತಿಗೆ ½kx² ಎಂಬ ಸೂತ್ರವಿದೆ (k ಅಂದರೆ ಸ್ಪ್ರಿಂಗಿನ ಬಿಗಿತ, x ಅಂದರೆ ಹಿಗ್ಗಿದ ದೂರ); ಅದರಲ್ಲಿನ ಅರ್ಧ ಬಂದದ್ದು ಇಲ್ಲಿಂದ. ಬಾಯಿಪಾಠ ಮಾಡುವ ಬದಲು ಅಡ್ಡಕ್ಕೆ ದೂರ, ಮೇಲಕ್ಕೆ ಬಲ ಇಟ್ಟು ಗ್ರಾಫ್ ಬರೆದು ನೋಡಿ: ಗೆರೆಯ ಕೆಳಗಿನ ತ್ರಿಕೋನದ ವಿಸ್ತೀರ್ಣವೇ ಶಕ್ತಿ. 20 ಸೆಂಟಿಮೀಟರ್ ಎಳೆದರೆ ಬಲವೂ ಇಮ್ಮಡಿ, ದೂರವೂ ಇಮ್ಮಡಿ. ಶಕ್ತಿ 4 ಜೂಲ್.

ಒಳ್ಳೆಯ ಉಕ್ಕಿನ ಸ್ಪ್ರಿಂಗ್ ಮಿತಿಯೊಳಗೆ ಇದ್ದರೆ ಕೊಟ್ಟದ್ದನ್ನು ಹೆಚ್ಚುಕಡಿಮೆ ಪೂರ್ತಿ ವಾಪಸ್ ಕೊಡುತ್ತದೆ. ಮಿತಿ ದಾಟಿದರೆ ಉದ್ದವಾಗಿಯೇ ಉಳಿಯುತ್ತದೆ. ಆಗ ಮಾಡಿದ ಕೆಲಸದಲ್ಲಿ ಒಂದು ಪಾಲು ಕೈಗೆ ಬರುವುದಿಲ್ಲ.

ರಬ್ಬರಿನ ಕತೆ ಬೇರೆ, ನನಗೆ ಜಾಸ್ತಿ ಇಷ್ಟವಾದದ್ದೂ ಅದೇ. ಅಗಲವಾದ ಬ್ಯಾಂಡನ್ನು ಪಟ್ಟನೆ ಎಳೆದು, ಎಳೆದ ಹಾಗೇ ತುಟಿಗೆ ತಾಗಿಸಿ. ಬೆಚ್ಚಗಿರುತ್ತದೆ. ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದು, ಸಡಿಲಿಸಿ ಮತ್ತೆ ತಾಗಿಸಿ. ತಣ್ಣಗಿರುತ್ತದೆ! ಜಾನ್ ಗಫ್ ಎಂಬ ಅಂಧ ವಿಜ್ಞಾನಿ 1805ರಲ್ಲಿ ಹೀಗೇ ತುಟಿಯಿಂದ ಕಂಡುಕೊಂಡು ಬರೆದದ್ದು ಇದು. ರಬ್ಬರಿನ ಉದ್ದುದ್ದ ಅಣುಸರಪಳಿಗಳು ಸುಮ್ನೆ ಮುದುಡಿಕೊಂಡಿರುತ್ತವೆ. ಎಳೆದಾಗ ಸಾಲಾಗಿ ನೆಟ್ಟಗಾಗುತ್ತವೆ, ಶಾಖ ಹೊರಬರುತ್ತದೆ. ಬಿಟ್ಟಾಗ ಮತ್ತೆ ಮುದುಡುತ್ತಾ ಶಾಖ ಹೀರುತ್ತವೆ.

ಆದರೆ ಈ ಎರಡೂ ಪೂರ್ತಿ ಸರಿದೂಗುವುದಿಲ್ಲ. ಸರಪಳಿಗಳು ಒಂದಕ್ಕೊಂದು ಉಜ್ಜಿಕೊಳ್ಳುತ್ತವೆ. ಅದಕ್ಕೇ ಒಂದೇ ಉದ್ದದಲ್ಲಿ, ಎಳೆಯುವಾಗ ಬೇಕಾದ ಬಲಕ್ಕಿಂತ ಬಿಡುವಾಗ ಸಿಗುವ ಬಲ ಕಡಿಮೆ. ಗ್ರಾಫಿನಲ್ಲಿ ಹೋದ ದಾರಿ ಮೇಲೆ, ಬಂದ ದಾರಿ ಕೆಳಗೆ. ನಡುವಿನ ಜಾಗ ಶಾಖವಾಗಿ ಹೋದ ಶಕ್ತಿ. ಇದರ ಹೆಸರು ಹಿಸ್ಟರೆಸಿಸ್. ಓಡುವ ಟೈರ್ ಬಿಸಿಯಾಗಲು ಮುಖ್ಯ ಕಾರಣ ಇದೇ: ನೆಲಕ್ಕೆ ತಾಗುವ ಭಾಗ ಪ್ರತಿ ಸುತ್ತಿಗೂ ಅಮುಕಿಕೊಂಡು ಮತ್ತೆ ಸಡಿಲವಾಗುತ್ತದೆ, ಪ್ರತಿ ಸಲವೂ ಒಂದಿಷ್ಟು ಶಕ್ತಿ ಸೋರುತ್ತದೆ. ಯಂತ್ರಗಳ ಕೆಳಗೆ ಇಡುವ ರಬ್ಬರ್ ಪ್ಯಾಡಿಗೆ ಮಾತ್ರ ಈ ಸೋರಿಕೆಯೇ ಬೇಕು. ಅದುರುವ ಶಕ್ತಿಯನ್ನು ಅದು ಯಂತ್ರಕ್ಕೆ ಪೂರ್ತಿ ವಾಪಸ್ ಕೊಡದೆ ತಾನೇ ಬೆಚ್ಚಗಾಗುತ್ತದೆ.